ಊದಿದ ರೆಪ್ಪೆ, ನೊರೆ ಮೂತ್ರ: ಮಕ್ಕಳ ಕಿಡ್ನಿ ಕಾಯಿಲೆಯ ಸುತ್ತ

ಎರಡು ವರ್ಷದ ಮಗುವೊಂದು ಮೈಗೂಡುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡಿಸಿದರು ಎಂದಿಟ್ಟುಕೊಳ್ಳಿ. ವರದಿಯಲ್ಲಿ ಕ್ರಿಯಾಟಿನಿನ್ 0.9 ಎಂದು ಬರುತ್ತದೆ. ಪಕ್ಕದಲ್ಲೇ ಅಚ್ಚಾಗಿರುವ ನಾರ್ಮಲ್ ಮಿತಿ 0.6ರಿಂದ 1.2. ಅಂಕಿ ಮಿತಿಯೊಳಗಿದೆ, ಕಿಡ್ನಿಗೇನೂ ಆಗಿಲ್ಲ ಎಂದುಕೊಂಡು ಮನೆಯವರು ಹಿಂದಿರುಗುತ್ತಾರೆ. ಆದರೆ ಆ ಮಿತಿ ದೊಡ್ಡವರದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಸ್ನಾಯು ಕಡಿಮೆ ಇರುವ ಪುಟ್ಟ ಮಗುವಿನಲ್ಲಿ ಅದು 0.3ರ ಆಸುಪಾಸಿನಲ್ಲಿರಬೇಕು. ಮಕ್ಕಳ ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಅಂದಾಜು ಮಾಡಲು ವೈದ್ಯರು ಬಳಸುವುದು 2009ರಲ್ಲಿ ಪರಿಷ್ಕೃತವಾದ ಶ್ವಾರ್ಟ್ಜ್ ಸೂತ್ರವನ್ನು. ಸೆಂಟಿಮೀಟರಿನಲ್ಲಿ ಅಳೆದ ಎತ್ತರವನ್ನು 0.413ರಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. 85 ಸೆಂ.ಮೀ. ಎತ್ತರದ ಈ ಮಗುವಿಗೆ ಉತ್ತರ 39. ಆರೋಗ್ಯವಂತ ಮಗುವಿನಲ್ಲಿ 90ಕ್ಕಿಂತ ಮೇಲಿರಬೇಕಾದ ಸಂಖ್ಯೆ ಅದು. ಅಂದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಆಗಲೇ ಹೋಗಿದೆ, ವರದಿ ಮಾತ್ರ ನಾರ್ಮಲ್ ಎನ್ನುತ್ತಿದೆ.

ಮಕ್ಕಳ ಕಿಡ್ನಿ ಕಾಯಿಲೆಯ ಬಗ್ಗೆ ಕಳೆದ ಎಪ್ಪತ್ತು ವರ್ಷಗಳಲ್ಲಿ ವೈದ್ಯವಿಜ್ಞಾನ ಕಲಿತದ್ದು ಬಹಳ. ನಮ್ಮಲ್ಲಿ ಮಕ್ಕಳು ಕಿಡ್ನಿ ಕಳೆದುಕೊಳ್ಳುತ್ತಿರುವುದು ಆ ಜ್ಞಾನದ ಕೊರತೆಯಿಂದಲ್ಲ. ಎತ್ತರ ಅಳೆಯದೆ, ಬಿ.ಪಿ. ನೋಡದೆ, ಒಂದು ಪಟ್ಟಿಯನ್ನು ಮೂತ್ರದಲ್ಲಿ ಅದ್ದದೆ ಕಳೆದ ತಿಂಗಳುಗಳಲ್ಲಿ ನಾವು ಅವರನ್ನು ಸೋಲಿಸುತ್ತಿದ್ದೇವೆ. ಈ ಲೇಖನದುದ್ದಕ್ಕೂ ನಾನು ಹೇಳಬೇಕೆಂದಿರುವುದು ಇದನ್ನೇ.

ದೊಡ್ಡವರ ಕಿಡ್ನಿ ಕೆಡುವುದು ಹೆಚ್ಚಾಗಿ ಸಕ್ಕರೆ ಕಾಯಿಲೆ ಮತ್ತು ಏರಿದ ರಕ್ತದೊತ್ತಡದಿಂದ. ಮಕ್ಕಳ ಕಥೆ ಬೇರೆ. ದೀರ್ಘಕಾಲದ ಕಿಡ್ನಿ ಕಾಯಿಲೆಯಿರುವ ಮಕ್ಕಳಲ್ಲಿ ದೊಡ್ಡ ಪಾಲು ಹುಟ್ಟುವಾಗಲೇ ಕಿಡ್ನಿ ಅಥವಾ ಮೂತ್ರಮಾರ್ಗದ ರಚನೆಯಲ್ಲಿ ದೋಷವಿದ್ದವರು. ಉಳಿದವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯ ಏರುಪೇರು, ಆನುವಂಶಿಕ ಕಾರಣ, ಸೋಂಕು, ವಿಷ ಇವೆಲ್ಲ ಬರುತ್ತವೆ. ಪ್ರತಿ ಕಿಡ್ನಿಯಲ್ಲಿ ಸರಾಸರಿ ಸುಮಾರು 10 ಲಕ್ಷ ಸೂಕ್ಷ್ಮ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿರುತ್ತವೆ. ಅವು ಹುಟ್ಟುವುದು ತಾಯಿಯ ಗರ್ಭದಲ್ಲಿ. ಬಸಿರಿನ 36ನೇ ವಾರದ ಹೊತ್ತಿಗೆ ಆ ಕೆಲಸ ಮುಗಿದುಬಿಡುತ್ತದೆ, ಆಮೇಲೆ ಒಂದೇ ಒಂದು ಹೊಸದು ಹುಟ್ಟುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆ ಇರುವ ಕೂಸುಗಳು ಈ ಬಂಡವಾಳವನ್ನು ಕಡಿಮೆ ಪಡೆದೇ ಲೋಕಕ್ಕೆ ಬರುತ್ತವೆ. 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತೂಕ ದಾಖಲಾದ ನವಜಾತ ಶಿಶುಗಳಲ್ಲಿ ಸುಮಾರು ಶೇ 18ರಷ್ಟು ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಗುತ್ತವೆ. ಬಾಣಂತಿಯ, ಬಸುರಿಯ ಊಟದ ಪ್ರಶ್ನೆ ಕಿಡ್ನಿಯ ಪ್ರಶ್ನೆಯೂ ಹೌದು.

ಇವೆಲ್ಲದರಲ್ಲಿ ತಂದೆತಾಯಿಯರು ಕಣ್ಣಾರೆ ಕಾಣುವ, ಮಕ್ಕಳ ವೈದ್ಯರ ಬಳಿ ಮತ್ತೆಮತ್ತೆ ಬರುವ ಕಾಯಿಲೆ ನೆಫ್ರಾಟಿಕ್ ಸಿಂಡ್ರೋಮ್. ಪ್ರತಿವರ್ಷ ಒಂದು ಲಕ್ಷ ಮಕ್ಕಳಲ್ಲಿ ಎರಡರಿಂದ ಏಳು ಮಂದಿಗೆ ಇದು ಹೊಸದಾಗಿ ಕಾಣಿಸಿಕೊಳ್ಳುತ್ತದೆ. ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ ಇದರ ಪ್ರಮಾಣ ಹೆಚ್ಚು. ಶುರುವಾಗುವುದು ಹೆಚ್ಚಾಗಿ ಎರಡರಿಂದ ಆರು ವರ್ಷದೊಳಗೆ, ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಹೆಚ್ಚು. ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಊದಿರುತ್ತದೆ. ಹೊತ್ತೇರಿದಂತೆ ಅದು ಇಳಿದು ಸಂಜೆಗೆ ಕಾಲಿನಲ್ಲಿ ಬಾವು. ಸೊಳ್ಳೆ ಕಚ್ಚಿರಬೇಕು, ಅಲರ್ಜಿ ಇರಬೇಕು, ನಂಜಾಗಿರಬೇಕು ಎಂದು ಒಂದೆರಡು ವಾರ ಕಳೆಯುತ್ತದೆ. ಕೆಲವರಿಗೆ ಮಗು ಮೈಕೈ ತುಂಬಿಕೊಂಡಿತು ಎಂಬ ಸಂತೋಷ ಕೂಡ. ಅಷ್ಟರಲ್ಲಿ ಹೊಟ್ಟೆ ಉಬ್ಬಿ ಚಡ್ಡಿಯ ಲಾಡಿ ಬಿಗಿಯಾಗಿ, ಮೂತ್ರ ಕಡಿಮೆಯಾಗಿ, ಹೋದ ಮೂತ್ರದಲ್ಲಿ ನೊರೆ ನಿಲ್ಲತೊಡಗಿರುತ್ತದೆ.

ಒಳಗೆ ಆಗಿರುವುದು ಇಷ್ಟು. ರಕ್ತವನ್ನು ಸೋಸುವ ಸೂಕ್ಷ್ಮ ಜರಡಿ ಸಡಿಲವಾಗಿ, ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಹರಿದುಹೋಗುತ್ತಿದೆ. ರಕ್ತದಲ್ಲಿ ಆಲ್ಬುಮಿನ್ ಡೆಸಿಲೀಟರಿಗೆ 3 ಗ್ರಾಂಗಿಂತ ಕೆಳಗಿಳಿದಿದೆ. ನೀರು ರಕ್ತನಾಳದಲ್ಲಿ ನಿಲ್ಲದೆ ಮೈಯಲ್ಲಿ ತುಂಬುತ್ತಿದೆ. ಇದನ್ನು ಪತ್ತೆಮಾಡಲು ದೊಡ್ಡ ಆಸ್ಪತ್ರೆ ಬೇಕಿಲ್ಲ. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಬಾವು ಬಂದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೋಂಬತ್ತಿಯ ಮೇಲೆ ಕಾಯಿಸುತ್ತಿದ್ದರು. ಪ್ರೋಟೀನ್ ಇದ್ದರೆ ಅದು ಬೆಳ್ಳಗೆ ಹೆಪ್ಪುಗಟ್ಟುತ್ತಿತ್ತು. ಇಂದು ಕೆಲವೇ ರೂಪಾಯಿಯ ಬಣ್ಣದ ಪಟ್ಟಿ ಒಂದು ನಿಮಿಷದಲ್ಲಿ ಅದನ್ನೇ ಹೇಳುತ್ತದೆ. ಪಟ್ಟಿ 3+ ಅಥವಾ 4+ ತೋರಿಸಿ, ಮೈ ಊದಿದ್ದು, ಆಲ್ಬುಮಿನ್ ಇಳಿದಿದ್ದರೆ ರೋಗನಿರ್ಣಯ ಬಹುಮಟ್ಟಿಗೆ ಮುಗಿಯಿತು. ಮುಖ ಊದಿದ ಯಾವ ಮಗುವಿಗೂ ಮೂತ್ರಪರೀಕ್ಷೆ ಮಾಡದೆ ಅಲರ್ಜಿಯ ಔಷಧ ಬರೆದುಕೊಡಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ.

ಆಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಬರುವ ಮುನ್ನ ಈ ಕಾಯಿಲೆಯ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದರು, ಹೆಚ್ಚಾಗಿ ಸೋಂಕಿನಿಂದ. ಪ್ರೋಟೀನ್ ಜೊತೆಗೆ ಸೋಂಕು ತಡೆಯುವ ಅಂಶಗಳೂ ಮೂತ್ರದಲ್ಲಿ ಹೋಗುತ್ತವೆ; ಹೊಟ್ಟೆಯಲ್ಲಿ ತುಂಬಿದ ನೀರಿನಲ್ಲಿ ನ್ಯುಮೊಕಾಕಸ್‌ನಂಥ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತವೆ. 1950ರ ದಶಕದಲ್ಲಿ ಸ್ಟೀರಾಯ್ಡ್ ಚಿಕಿತ್ಸೆ ಬಂದು ಚಿತ್ರವೇ ಬದಲಾಯಿತು. ಅದೇ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದವರಿಗೆ ಜರಡಿಯನ್ನು ಅಪ್ಪಿ ಹಿಡಿದಿರುವ ಪೋಡೋಸೈಟ್ ಎಂಬ ಕೋಶಗಳ ಕಾಲ್ಬೆರಳುಗಳು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡಿರುವುದು ಕಂಡಿತು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದ್ದರಿಂದ ಇದಕ್ಕೆ ಮಿನಿಮಲ್ ಚೇಂಜ್ ಎಂದು ಹೆಸರಾಯಿತು. 1967ರಲ್ಲಿ ಶುರುವಾದ, ಹಲವು ದೇಶಗಳ 521 ಮಕ್ಕಳನ್ನು ಒಳಗೊಂಡ ಅಧ್ಯಯನವೊಂದು ಇನ್ನೊಂದು ದೊಡ್ಡ ಉಪಕಾರ ಮಾಡಿತು. ಈ ಮಕ್ಕಳಲ್ಲಿ ಮುಕ್ಕಾಲು ಪಾಲಿಗಿದ್ದದ್ದು ಮಿನಿಮಲ್ ಚೇಂಜ್, ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಸ್ಟೀರಾಯ್ಡ್‌ಗೆ ಒಲಿಯುತ್ತಾರೆ ಎಂದು ಅದು ತೋರಿಸಿತು. ಹಾಗಾಗಿ ಎಲ್ಲ ಮಕ್ಕಳಿಗೂ ಮೊದಲೇ ಸೂಜಿ ಚುಚ್ಚಿ ಬಯಾಪ್ಸಿ ಮಾಡುವ ಅಗತ್ಯ ತಪ್ಪಿತು. ಮಾತ್ರೆ ಕೊಟ್ಟು ನೋಡುವುದೇ ಪರೀಕ್ಷೆಯಾಯಿತು.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಮಗುವಿನ ತೂಕದ ಪ್ರತಿ ಕೆ.ಜಿ.ಗೆ 2 ಮಿ.ಗ್ರಾಂನಂತೆ, ದಿನಕ್ಕೆ 60 ಮಿ.ಗ್ರಾಂ ಮೀರದಂತೆ ಆರು ವಾರ ದಿನಾಲೂ, ಬಳಿಕ ಕೆ.ಜಿ.ಗೆ 1.5 ಮಿ.ಗ್ರಾಂನಂತೆ ದಿನಬಿಟ್ಟು ದಿನ ಮತ್ತಾರು ವಾರ ಕೊಡಬೇಕು. ಭಾರತೀಯ ಮಕ್ಕಳ ಕಿಡ್ನಿತಜ್ಞರ ಸಂಘದ 2021ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹನ್ನೆರಡು ವಾರ ಸಾಲದು, ಆರು ತಿಂಗಳು ಕೊಟ್ಟರೆ ಕಾಯಿಲೆ ಮರುಕಳಿಸುವುದು ಕಡಿಮೆಯಾದೀತು ಎಂಬ ನಂಬಿಕೆ ಬಹಳ ಕಾಲ ಇತ್ತು. 2013ರಿಂದ 2019ರವರೆಗೆ ನೆದರ್‌ಲ್ಯಾಂಡ್ಸ್, ಜಪಾನ್, ಭಾರತ ಮತ್ತು ಬ್ರಿಟನ್ನಿನಲ್ಲಿ ನಡೆದ ನಾಲ್ಕು ಎಚ್ಚರಿಕೆಯ ಪ್ರಯೋಗಗಳು ಹೆಚ್ಚು ಕಾಲ ಕೊಟ್ಟರೆ ಲಾಭವಿಲ್ಲ ಎಂದು ಒಂದೇ ದನಿಯಲ್ಲಿ ಹೇಳಿದವು. ಭಾರತದ ಪ್ರಯೋಗ ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ ನಡೆದು 2015ರಲ್ಲಿ ಪ್ರಕಟವಾಯಿತು. ನಮ್ಮ ಮಕ್ಕಳ ಪ್ರಶ್ನೆಗೆ ನಮ್ಮ ಮಕ್ಕಳಲ್ಲೇ ಉತ್ತರ ಹುಡುಕಿದ ಆ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಜನರ ನಡುವೆ ಸಿಕ್ಕಿಲ್ಲ.

ಚಿಕಿತ್ಸೆ ಶುರುವಾಗಿ ಎರಡು ವಾರದಲ್ಲಿ ಬಹುಪಾಲು ಮಕ್ಕಳ ಬಾವು ಇಳಿದು, ಮೂತ್ರದ ಪಟ್ಟಿ ಹಳದಿಯಾಗಿಯೇ ಉಳಿಯುತ್ತದೆ. ಅಪಾಯ ಬರುವುದು ಆಗಲೇ. ಮುಖ ಗುಂಡಗಾಗಿ, ಹಸಿವು ತಡೆಯಲಾಗದಷ್ಟಾಗಿ, ಮಗು ಸಿಡುಕತೊಡಗುತ್ತದೆ. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿದ ನೆಂಟರು ‘ಅದನ್ನು ಕೊಡಬೇಡಿ, ಮಗು ಹಾಳಾಗುತ್ತೆ’ ಎನ್ನುತ್ತಾರೆ. ಬಾವು ಹೋಗಿದೆ, ಮಾತ್ರೆ ನಿಲ್ಲುತ್ತದೆ. ಕೆಲವು ವಾರದಲ್ಲಿ ಮತ್ತೆ ಊದಿದ ಮಗು. ಅದಕ್ಕಿಂತ ಕೆಟ್ಟದ್ದು, ವಾರಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡ ದೇಹ ತನ್ನ ಸ್ವಂತ ಹಾರ್ಮೋನನ್ನು ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಥಟ್ಟನೆ ಮಾತ್ರೆ ಬಿಟ್ಟರೆ ಒಂದು ಸಾಮಾನ್ಯ ಜ್ವರ ಕೂಡ ಜೀವಕ್ಕೆ ಕುತ್ತಾಗಬಹುದು. ಹೆದರಿಕೆಗೆ ಕಾರಣವಿಲ್ಲವೆಂದಲ್ಲ. ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಬೆಳವಣಿಗೆ ಕುಂಠಿತವಾಗುತ್ತದೆ, ಬಿ.ಪಿ. ಏರುತ್ತದೆ, ಕಣ್ಣಿನಲ್ಲಿ ಪೊರೆ ಬರುತ್ತದೆ. ಆದರೆ ಅದಕ್ಕೆ ಪರಿಹಾರ ಬೇರೆ ಔಷಧಕ್ಕೆ ಬದಲಾಯಿಸುವುದು, ಮನೆಯಲ್ಲೇ ತೀರ್ಮಾನಿಸಿ ನಿಲ್ಲಿಸುವುದಲ್ಲ. ಇದನ್ನು ಹೇಳಲು ಹೊರರೋಗಿ ವಿಭಾಗದ ಮೂರು ನಿಮಿಷ ಸಾಲದು. ಮೊದಲ ದಿನವೇ ಅಪ್ಪ ಅಮ್ಮ ಇಬ್ಬರನ್ನೂ, ಸಾಧ್ಯವಾದರೆ ಮಗುವನ್ನು ನೋಡಿಕೊಳ್ಳುವ ಅಜ್ಜಿಯನ್ನೂ ಕೂರಿಸಿ ಹೇಳುವ ಅರ್ಧ ಗಂಟೆ ಈ ಕಾಯಿಲೆಗೆ ಔಷಧದಷ್ಟೇ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ.

ಏಕೆಂದರೆ ಸ್ಟೀರಾಯ್ಡ್‌ಗೆ ಒಲಿದ ಮಕ್ಕಳಲ್ಲೂ ಐವರಲ್ಲಿ ನಾಲ್ವರಿಗೆ ಕಾಯಿಲೆ ಒಮ್ಮೆಯಾದರೂ ಮರುಕಳಿಸುತ್ತದೆ, ಸುಮಾರು ಅರ್ಧದಷ್ಟು ಮಂದಿಗೆ ಪದೇಪದೇ. ನೆಗಡಿ ಜ್ವರ ಬಂದಾಗಲೇ ಹೆಚ್ಚು. ಹೀಗಾಗಿ ಮನೆಯಲ್ಲೊಂದು ನೋಟ್‌ಪುಸ್ತಕ ಬೇಕು. ಬೆಳಗಿನ ಮೊದಲ ಮೂತ್ರಕ್ಕೆ ಪಟ್ಟಿ ಅದ್ದಿ ಬಂದದ್ದನ್ನು, ಕೊಟ್ಟ ಮಾತ್ರೆಯನ್ನು, ಮಗುವಿನ ತೂಕವನ್ನು ಬರೆಯಬೇಕು. ಪಟ್ಟಿ ಸಿಗದಿದ್ದರೆ ಬ್ರೈಟ್ ಮಾಡಿದ್ದನ್ನೇ ಮನೆಯಲ್ಲೂ ಮಾಡಬಹುದು. ಗಾಜಿನ ನಳಿಕೆಯಲ್ಲಿ ಮೂತ್ರ ಹಿಡಿದು ಮೇಲ್ಭಾಗವನ್ನಷ್ಟೇ ಕುದಿಸಿ, ಎರಡು ಹನಿ ವಿನೆಗರ್ ಹಾಕಿದ ಮೇಲೂ ಬೆಳ್ಳಗಿನ ಮೋಡ ಉಳಿದರೆ ಪ್ರೋಟೀನ್ ಇದೆ. ಮೂರು ದಿನ ಸತತವಾಗಿ 3+ ಬಂದರೆ ಅದು ಮರುಕಳಿಕೆ. ಬಾವು ಬರುವ ಮೊದಲೇ ವೈದ್ಯರಿಗೆ ಫೋನ್ ಮಾಡಿದರೆ ಎಷ್ಟೋ ಸಲ ಆಸ್ಪತ್ರೆಗೆ ಸೇರುವ ಪ್ರಸಂಗವೇ ತಪ್ಪುತ್ತದೆ. ಓದು ಬರಹ ಕಡಿಮೆ ಇರುವ ತಾಯಂದಿರೂ ಬಣ್ಣ ನೋಡಿ ಗುರುತು ಹಾಕಿಡಬಲ್ಲರು. ಊದಿದ ಮಗುವಿಗೆ ಹೊಟ್ಟೆನೋವು, ಜ್ವರ ಬಂದರೆ ಮಾತ್ರ ಫೋನಿಗೂ ಕಾಯದೆ ಹೊರಡಬೇಕು.

ಊಟದ ವಿಷಯದಲ್ಲಿ ನಮ್ಮಲ್ಲಿ ಬಹಳ ತಪ್ಪು ಕಲ್ಪನೆಗಳಿವೆ. ಪ್ರೋಟೀನ್ ಸೋರುತ್ತಿದೆ ಎಂದು ರಾಶಿ ರಾಶಿ ಮೊಟ್ಟೆ, ಡಬ್ಬಿಯ ಪ್ರೋಟೀನ್ ಪುಡಿ ತಿನ್ನಿಸಬೇಕಿಲ್ಲ. ಹಾಗೆಂದು ಬೇಳೆ, ಹಾಲು ನಿಲ್ಲಿಸಿ ಬರೀ ಗಂಜಿ ಕುಡಿಸುವುದೂ ತಪ್ಪು. ಮನೆಯ ಎಲ್ಲರೂ ಉಣ್ಣುವ ಅನ್ನ, ರಾಗಿ, ಸಾರು, ಪಲ್ಯವೇ ಸಾಕು. ಬಾವಿರುವಾಗ ಉಪ್ಪು ಕಡಿಮೆ ಮಾಡಬೇಕು, ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಚಿಪ್ಸ್ ದೂರವಿಡಬೇಕು. ಲಸಿಕೆಯ ಕಡೆಗೂ ಗಮನ ಬೇಕು. ನ್ಯುಮೊಕಾಕಸ್ ಲಸಿಕೆ ತಪ್ಪಬಾರದು. ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ನಡೆಯುತ್ತಿರುವಾಗ ಹಾಕಿಸಬಾರದು, ತಜ್ಞರು ಹೇಳಿದ ಮೇಲೆ ಹಾಕಿಸಬೇಕು.

ಪದೇಪದೇ ಮರುಕಳಿಸುವ ಮಕ್ಕಳಿಗೆ ಸ್ಟೀರಾಯ್ಡ್ ಹೊರೆ ಇಳಿಸಲು ಬೇರೆ ಔಷಧಗಳಿವೆ. ಜಂತುಹುಳುವಿಗೆಂದು ಬಂದ ಲೆವಮಿಸೋಲ್ ಈ ಕಾಯಿಲೆಯಲ್ಲಿ ಇಂದಿಗೂ ಕೆಲಸಕ್ಕೆ ಬರುತ್ತಿದೆ. ಮೈಕೋಫೆನೊಲೇಟ್, ಸೈಕ್ಲೊಫಾಸ್ಫಮೈಡ್, ಟ್ಯಾಕ್ರೊಲಿಮಸ್, 2014ರ ಜಪಾನಿನ ಪ್ರಯೋಗದ ನಂತರ ಹೆಚ್ಚು ಬಳಕೆಗೆ ಬಂದ ರಿಟುಕ್ಸಿಮ್ಯಾಬ್ ಇವೆಲ್ಲಕ್ಕೂ ತಮ್ಮ ಗುಣ, ತಮ್ಮ ಬೆಲೆ, ತಮ್ಮ ಅಪಾಯ ಇವೆ. ಆರು ವಾರ ದಿನಾಲೂ ಮಾತ್ರೆ ಕೊಟ್ಟರೂ ಪ್ರೋಟೀನ್ ನಿಲ್ಲದಿದ್ದರೆ ಮಾತ್ರ ದಾರಿ ಕವಲೊಡೆಯುತ್ತದೆ. ಆಗ ಬಯಾಪ್ಸಿ ಬೇಕು, ಜೀನ್ ಪರೀಕ್ಷೆ ಬೇಕು. ಜರಡಿಯ ಹೆಣಿಗೆಯಲ್ಲಿರುವ ನೆಫ್ರಿನ್ ಎಂಬ ಪ್ರೋಟೀನಿನ ಜೀನ್ 1998ರಲ್ಲಿ, ಪೋಡೋಸಿನ್‌ನ ಜೀನ್ 2000ದಲ್ಲಿ ಪತ್ತೆಯಾದವು; ಈಗ ಅಂಥ ಐವತ್ತಕ್ಕೂ ಹೆಚ್ಚು ಜೀನ್‌ಗಳು ಗೊತ್ತಿವೆ. ಜೀನ್‌ನಲ್ಲೇ ದೋಷವಿರುವ ಮಗುವಿಗೆ ರೋಗನಿರೋಧಕ ಶಕ್ತಿ ಕುಂದಿಸುವ ಔಷಧಗಳು ಸಾಮಾನ್ಯವಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಅದನ್ನು ಬೇಗ ತಿಳಿದರೆ ಮಗು ವ್ಯರ್ಥ ವಿಷದಿಂದ ಪಾರಾಗುತ್ತದೆ.

ಜರಡಿ ಸಡಿಲವಾಗುವುದೇಕೆ ಎಂಬ ಮೂಲ ಪ್ರಶ್ನೆಗೆ ಉತ್ತರ ಈಗ ಹತ್ತಿರ ಬಂದಿದೆ. 1974ರಲ್ಲಿ ಶಾಲ್‌ಹೂಬ್ ಎಂಬ ವೈದ್ಯರು ಇದು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಕಾಯಿಲೆಯಿರಬೇಕು ಎಂದು ಊಹಿಸಿದ್ದರು. 2024ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಇನ್ನೂ ಶುರುವಾಗದ, ಕಾಯಿಲೆ ಜೋರಾಗಿದ್ದ ಮಕ್ಕಳಲ್ಲಿ ಸುಮಾರು ಶೇ 90ರಷ್ಟು ಮಂದಿಯ ರಕ್ತದಲ್ಲಿ ನೆಫ್ರಿನ್‌ ವಿರುದ್ಧವೇ ಪ್ರತಿಕಾಯಗಳು ಕಂಡವು. ದೇಹ ತನ್ನ ಜರಡಿಯ ಮೇಲೆ ತಾನೇ ದಾಳಿ ಮಾಡುತ್ತಿದೆ. ಈ ಪ್ರತಿಕಾಯದ ಪರೀಕ್ಷೆ ಎಲ್ಲೆಡೆ ಬಂದರೆ ಯಾವ ಮಗುವಿಗೆ ಯಾವ ಔಷಧ ಎಂಬ ತೀರ್ಮಾನ ಇಂದಿಗಿಂತ ಖಚಿತವಾಗಬಹುದು. ಹೆತ್ತವರಿಗೆ ಈಗಲೇ ಹೇಳಬಹುದಾದ ಒಳ್ಳೆಯ ಸುದ್ದಿಯೂ ಇದೆ. ಸ್ಟೀರಾಯ್ಡ್‌ಗೆ ಒಲಿಯುವ ಮಕ್ಕಳಲ್ಲಿ ಬಹುಪಾಲು ಮಂದಿ ಹರೆಯ ದಾಟುವಷ್ಟರಲ್ಲಿ ಕಾಯಿಲೆಯಿಂದ ಬಿಡುಗಡೆಯಾಗುತ್ತಾರೆ, ಅವರ ಕಿಡ್ನಿ ಕೆಡುವುದಿಲ್ಲ.

ಇನ್ನು ಕೋಲಾ ಬಣ್ಣದ ಮೂತ್ರ. ಗಂಟಲುನೋವಾಗಿ ಒಂದೆರಡು ವಾರಕ್ಕೆ, ಕಜ್ಜಿ ಹುಣ್ಣಾಗಿ ಮೂರರಿಂದ ಆರು ವಾರಕ್ಕೆ ಮೂತ್ರ ಹೀಗೆ ಕಂದುಗೆಂಪಾಗಿ, ಮುಖ ತುಸು ಊದಿ, ಬಿ.ಪಿ. ಏರಿದರೆ ಅದು ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಬರುವ ಉರಿಯೂತ. ಬಹುತೇಕ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಆದರೆ ಬಿ.ಪಿ. ಅಳೆಯದೆ ಬಿಟ್ಟರೆ ಫಿಟ್ಸ್ ಬಂದು ಅನಾಹುತವಾದೀತು. ಮಕ್ಕಳ ತೋಳಿಗೆ ಹೊಂದುವ ಪುಟ್ಟ ಬಿ.ಪಿ. ಪಟ್ಟಿ ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿದೆ ಎಂದು ಪ್ರತಿ ಶಾಸಕರೂ ತಮ್ಮ ಕ್ಷೇತ್ರದಲ್ಲಿ ಒಮ್ಮೆ ಕೇಳಿ ನೋಡಲಿ.

ಬಾವು ಕಣ್ಣಿಗೆ ಕಾಣುತ್ತದೆ. ರಚನೆಯ ದೋಷ ಹಾಗೆ ಕಾಣುವುದಿಲ್ಲ, ಅದಕ್ಕೇ ಅದು ಹೆಚ್ಚು ಕಿಡ್ನಿಗಳನ್ನು ತಿನ್ನುತ್ತದೆ. ಗಂಡುಕೂಸುಗಳಲ್ಲಿ ಕೆಲವರಿಗೆ ಮೂತ್ರ ಹೊರಬರುವ ದಾರಿಯಲ್ಲಿ ಹುಟ್ಟಿನಿಂದಲೇ ತೆಳುಪೊರೆಯ ಕವಾಟವಿರುತ್ತದೆ. ಮೂತ್ರ ಹಿಂದಕ್ಕೆ ಒತ್ತಿ ಮೂತ್ರಕೋಶ ದಪ್ಪವಾಗಿ, ಕಿಡ್ನಿಗಳು ಉಬ್ಬಿ, ಹುಟ್ಟುವ ಮೊದಲೇ ಹಾನಿ ಶುರುವಾಗಿರುತ್ತದೆ. ಬಸುರಿಯ ಸ್ಕ್ಯಾನ್‌ನಲ್ಲಿ ಇದರ ಸುಳಿವು ಸಿಗುತ್ತದೆ. ಹುಟ್ಟಿದ ಬಳಿಕ ಎಂಡೋಸ್ಕೋಪ್ ನಳಿಕೆ ತೂರಿಸಿ ಕವಾಟವನ್ನು ಸುಟ್ಟು ತೆಗೆಯಬಹುದು. ಸ್ಕ್ಯಾನ್ ಆಗದಿದ್ದರೂ ಸುಳಿವು ಮನೆಯಲ್ಲೇ ಇದೆ. ಗಂಡುಕೂಸಿನ ಮೂತ್ರ ಚಿಮ್ಮದೆ ತೊಟ್ಟಿಕ್ಕಿದರೆ, ಮಗು ಮುಕ್ಕರಿದರೆ, ವೈದ್ಯರಿಗೆ ಹೇಳಲೇಬೇಕು. ಬಸಿರಿನ ಸ್ಕ್ಯಾನ್‌ನಲ್ಲಿ ‘ಕಿಡ್ನಿ ಸ್ವಲ್ಪ ಊದಿದೆ’ ಎಂದು ಬರೆದಿದ್ದರೆ ಆ ಕಾಗದವನ್ನು ಹೆರಿಗೆಯ ನಂತರ ಮರೆಯಬಾರದು. ಅವುಗಳಲ್ಲಿ ಹೆಚ್ಚಿನವು ತಾವಾಗಿಯೇ ಸರಿಹೋಗುತ್ತವೆ, ಆದರೆ ಯಾವುದು ಸರಿಹೋಗುವುದಿಲ್ಲವೆಂದು ತಿಳಿಯಲು ಹುಟ್ಟಿದ ಮೇಲಿನ ಸ್ಕ್ಯಾನ್ ಬೇಕೇ ಬೇಕು.

ಮೂತ್ರದ ಸೋಂಕು ಇನ್ನೊಂದು ಬಾಗಿಲು. ಮಾತು ಬಾರದ ಕೂಸಿಗೆ ಉರಿಯುತ್ತಿದೆ ಎಂದು ಹೇಳಲು ಬರುವುದಿಲ್ಲ, ಬರುವುದು ಜ್ವರವೊಂದೇ. ಎರಡು ವರ್ಷದೊಳಗಿನ ಮಗುವಿಗೆ ನೆಗಡಿ ಕೆಮ್ಮಿಲ್ಲದೆ ಜ್ವರ ಬಂದರೆ ಆಂಟಿಬಯೋಟಿಕ್ ಶುರುಮಾಡುವ ಮುನ್ನ ಮೂತ್ರದ ಕಲ್ಚರ್ ಕಳಿಸಬೇಕು. ಒಂದು ಡೋಸ್ ಒಳಗೆ ಹೋದರೂ ಸಾಕ್ಷ್ಯ ಅಳಿಸಿಹೋದೀತು. ಚರ್ಮಕ್ಕೆ ಅಂಟಿಸುವ ಚೀಲದ ಮಾದರಿ ನಂಬಲರ್ಹವಲ್ಲ. ಸೋಂಕಾದ ಮಕ್ಕಳಲ್ಲಿ ಕೆಲವರಿಗೆ ಮೂತ್ರಕೋಶದ ಮೂತ್ರ ಹಿಮ್ಮುಖವಾಗಿ ಕಿಡ್ನಿಗೆ ಏರುವ ತೊಂದರೆ ಇರುತ್ತದೆ. ಹಿಂದೆ ಅಂಥ ಎಲ್ಲರಿಗೂ ವರ್ಷಗಟ್ಟಲೆ ಆಂಟಿಬಯೋಟಿಕ್ ಕೊಡುತ್ತಿದ್ದರು, ಹಲವರಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದರು. 2014ರಲ್ಲಿ ಅಮೆರಿಕದ 607 ಮಕ್ಕಳ ಪ್ರಯೋಗವೊಂದು, ಹಾಗೆ ಕೊಟ್ಟರೆ ಸೋಂಕು ಅರ್ಧಕ್ಕಿಳಿಯುತ್ತದೆ, ಕಿಡ್ನಿಯ ಮೇಲಿನ ಕಲೆ ಮಾತ್ರ ಕಡಿಮೆಯಾಗುವುದಿಲ್ಲ ಎಂದು ತೋರಿಸಿದ ಮೇಲೆ ವೈದ್ಯರು ಮಗುವನ್ನು ನೋಡಿ ಆರಿಸುತ್ತಿದ್ದಾರೆ.

ದೊಡ್ಡ ಹೆಣ್ಣುಮಕ್ಕಳ ಸೋಂಕಿಗೆ ಕಾರಣ ಹುಡುಕಲು ಕೆಲವೊಮ್ಮೆ ಶಾಲೆಯ ಹಿತ್ತಲಿಗೆ ಹೋಗಬೇಕು. ಬಾಗಿಲಿಲ್ಲದ, ನೀರಿಲ್ಲದ ಶೌಚಾಲಯಕ್ಕೆ ಹೆದರಿ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯದೆ, ಸಂಜೆವರೆಗೆ ಮೂತ್ರ ತಡೆದು ಕೂರುತ್ತಾರೆ. ತಡೆದು ತಡೆದು ಮೂತ್ರಕೋಶ ಪೂರ್ತಿ ಖಾಲಿಯಾಗುವುದನ್ನೇ ಮರೆಯುತ್ತದೆ, ಮಲಬದ್ಧತೆಯೂ ಸೇರಿದರೆ ಸೋಂಕು ಮರಳಿ ಮರಳಿ ಬರುತ್ತದೆ. ಇಂಥ ಹುಡುಗಿಗೆ ಬರೆಯಬೇಕಾದ ಔಷಧಚೀಟಿಯಲ್ಲಿ ಮೊದಲ ಸಾಲು ನೀರು ಬರುವ ನಲ್ಲಿ, ಚಿಲಕವಿರುವ ಬಾಗಿಲು.

ದಿಢೀರನೆ ಕಿಡ್ನಿ ನಿಲ್ಲುವುದಕ್ಕೆ ನಮ್ಮಲ್ಲಿ ಹಳೆಯ ಕಾರಣ ವಾಂತಿಭೇದಿ. ಓಆರ್‌ಎಸ್ ಕುಡಿಸುವ ರೂಢಿ ಬಂದಷ್ಟೂ ಅದು ತಗ್ಗಿತು. ಹಾವು ಕಡಿತ, ಸೆಪ್ಸಿಸ್ ಇನ್ನೂ ಇವೆ. ಸ್ವತಃ ಮನುಷ್ಯರು ತಂದಿಟ್ಟ ಕಾರಣವೊಂದನ್ನು ಮಾತ್ರ ಕ್ಷಮಿಸಲಾಗದು. ಕೆಮ್ಮಿನ ಸಿರಪ್‌ನಲ್ಲಿ ಬಳಸುವ ದ್ರಾವಕಕ್ಕೆ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತರೆ ಅದು ಮಕ್ಕಳ ಕಿಡ್ನಿಯನ್ನು ದಿನಗಳಲ್ಲಿ ಕೊಲ್ಲುತ್ತದೆ. 1937ರಲ್ಲೇ ಅಮೆರಿಕದಲ್ಲಿ ಇದರಿಂದ ನೂರಕ್ಕೂ ಹೆಚ್ಚು ಜನ ಸತ್ತು, ಅಲ್ಲಿನ ಔಷಧ ಕಾನೂನೇ ಬದಲಾಯಿತು. 1998ರಲ್ಲಿ ಗುರುಗಾಂವ್‌ನಲ್ಲಿ, 2020ರ ಹೊತ್ತಿಗೆ ಜಮ್ಮುವಿನ ರಾಮ್‌ನಗರದಲ್ಲಿ, 2022ರಲ್ಲಿ ಭಾರತದಲ್ಲಿ ತಯಾರಾದ ಸಿರಪ್ ಕುಡಿದು ಗ್ಯಾಂಬಿಯಾದಲ್ಲಿ ಮಕ್ಕಳು ಸತ್ತರು. 2025ರ ಸೆಪ್ಟೆಂಬರ್‌, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಸುತ್ತಮುತ್ತ 20ಕ್ಕೂ ಹೆಚ್ಚು ಮಕ್ಕಳು. ಆ ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ಪರೀಕ್ಷೆಯಲ್ಲಿ ಅದರ ಶೇ 48.6 ಭಾಗ ಆ ವಿಷವೇ ಆಗಿತ್ತು. ನೆಗಡಿ ಕೆಮ್ಮಿಗೆ ಸಿರಪ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂದು ಕೇಂದ್ರ ಸರ್ಕಾರ ಮತ್ತೆ ಸೂಚಿಸಿತು. ಕೆಮ್ಮಿನ ಔಷಧ ಕುಡಿದ ಮಗು ವಾಂತಿ ಮಾಡಿ, ಮೂತ್ರ ನಿಂತರೆ ಬಾಟಲಿಯನ್ನು ಎಸೆಯದೆ ಜೊತೆಗೇ ಒಯ್ಯಬೇಕು.

ಹೀಗೆ ಥಟ್ಟನೆ ನಿಂತ ಕಿಡ್ನಿಗೆ ಡಯಾಲಿಸಿಸ್ ಕೆಲವು ದಿನ ಆಸರೆ ಕೊಟ್ಟರೆ ಎಷ್ಟೋ ಮಕ್ಕಳಲ್ಲಿ ಅದು ಮತ್ತೆ ಎಚ್ಚೆತ್ತುಕೊಳ್ಳುತ್ತದೆ. ಪುಟ್ಟ ಮಗುವಿಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಹೊಟ್ಟೆಗೊಂದು ನಳಿಕೆ ಹಾಕಿ, ದ್ರವ ತುಂಬಿಸಿ, ಹೊರತೆಗೆಯುವ ಪೆರಿಟೋನಿಯಲ್ ಡಯಾಲಿಸಿಸ್‌ ಅನ್ನು ತರಬೇತಾದ ವೈದ್ಯರು, ದಾದಿಯರು ಜಿಲ್ಲಾಸ್ಪತ್ರೆಯಲ್ಲೂ ಮಾಡಬಹುದು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲೆಗಳಿಗೆ ಯಂತ್ರಗಳನ್ನು ತಂದಿತು, 2019ರಲ್ಲಿ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಮಾರ್ಗಸೂಚಿ ಬಂತು. ಆದರೂ ಹತ್ತು ಕೆ.ಜಿ. ತೂಕದ ಮಗುವಿಗೆ ಕೈ ಹಾಕುವ ತಂಡ ಹುಡುಕಿಕೊಂಡು ಬೀದರ್, ರಾಯಚೂರಿನ ಕುಟುಂಬವೂ ಬೆಂಗಳೂರಿನ ದಾರಿ ಹಿಡಿಯಬೇಕಾಗುತ್ತದೆ. ಸೇಂಟ್ ಜಾನ್ಸ್ ಆಸ್ಪತ್ರೆಯ ಮಕ್ಕಳ ಕಿಡ್ನಿ ವಿಭಾಗದಂಥವು ದಶಕಗಳಿಂದ ಕೆಲಸ ಮಾಡಿವೆ. ಅಂಥ ಕೈಗಳು ಕಲಬುರಗಿ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗಳಲ್ಲೂ ಬೇಕು.

ಕಿಡ್ನಿ ನಿಧಾನವಾಗಿ ಸೋಲುವ ಮಗುವಿನಲ್ಲಿ ಮೊದಲು ನಿಲ್ಲುವುದು ಎತ್ತರ. ಕಾಲು ಬಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಬಾಯಾರಿಕೆ ಹೆಚ್ಚಿ ರಾತ್ರಿ ಎದ್ದೆದ್ದು ನೀರು ಕೇಳುತ್ತದೆ. ರಿಕೆಟ್ಸ್ ಎಂದು ಕ್ಯಾಲ್ಸಿಯಂ, ರಕ್ತಹೀನತೆ ಎಂದು ಕಬ್ಬಿಣದ ಟಾನಿಕ್ ಕೊಟ್ಟು ವರ್ಷಗಳು ಕಳೆಯುತ್ತವೆ. 2009ರಲ್ಲಿ ಪ್ರಕಟವಾದ ಯುರೋಪಿನ 385 ಮಕ್ಕಳ ಅಧ್ಯಯನ, ರಾಮಿಪ್ರಿಲ್ ಎಂಬ ಬಿ.ಪಿ. ಔಷಧ ಕೊಟ್ಟು ಬಿ.ಪಿ.ಯನ್ನು ಸಾಮಾನ್ಯ ಮಿತಿಯ ಕೆಳಭಾಗದಲ್ಲಿ ಬಿಗಿಯಾಗಿ ಹಿಡಿದಿಟ್ಟರೆ ಕಿಡ್ನಿ ಸೋಲುವ ವೇಗ ತಗ್ಗುತ್ತದೆ ಎಂದು ಸಾಬೀತು ಮಾಡಿತು. ಆ ಲಾಭ ಸಿಗಬೇಕಾದರೆ ಕಾಯಿಲೆ ಬೇಗ ಗೊತ್ತಾಗಬೇಕು.

ಹಾಗಾದರೆ ಶಾಲೆಯಲ್ಲಿ ಎಲ್ಲ ಮಕ್ಕಳ ಮೂತ್ರ ಪರೀಕ್ಷಿಸಬೇಕೇ? ಜಪಾನ್ 1974ರಿಂದ ಪ್ರತಿವರ್ಷ ಮಾಡುತ್ತಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲಿ ಇಂಥ ಸಾಮಾನ್ಯ ತಪಾಸಣೆಯನ್ನು ಕೈಬಿಟ್ಟಿತು. ಸುಮ್ಮನೆ ಬರುವ ‘ಪಾಸಿಟಿವ್‌’ಗಳು ಬಹಳ, ನಿಜವಾದ ಕಾಯಿಲೆ ಕಡಿಮೆ ಎಂಬುದು ಕಾರಣ. ನಮ್ಮಲ್ಲಿ ಪಾಸಿಟಿವ್ ಬಂದ ಮಗುವನ್ನು ಮುಂದೆ ಯಾರು ನೋಡುತ್ತಾರೆ ಎಂಬುದಕ್ಕೆ ಉತ್ತರ ಸಿದ್ಧವಾಗದೆ ಇಡೀ ರಾಜ್ಯದ ಮಕ್ಕಳಿಗೆ ಪಟ್ಟಿ ಹಂಚುವುದು ಸರಿಯಲ್ಲ. ಆದರೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗುತ್ತಲೇ ಇವೆ. ವಯಸ್ಸಿಗೆ ತಕ್ಕ ಎತ್ತರವಿಲ್ಲದ, ಕಾಲು ಬಾಗಿದ, ಪದೇಪದೇ ಜ್ವರ ಬರುವ, ತೂಕ ಕಡಿಮೆಯಾಗಿ ಹುಟ್ಟಿದ ಮಕ್ಕಳಿಗಷ್ಟೇ ಬಿ.ಪಿ. ಮತ್ತು ಮೂತ್ರದ ಪಟ್ಟಿಯ ಪರೀಕ್ಷೆ ಅದೇ ಭೇಟಿಯಲ್ಲಿ ಆಗಲಿ. ಮಕ್ಕಳ ಕ್ರಿಯಾಟಿನಿನ್ ವರದಿಯಲ್ಲಿ ವಯಸ್ಸಿನ ಮಿತಿಯನ್ನೇ ಅಚ್ಚುಮಾಡಬೇಕು ಎಂಬ ಒಂದು ಆದೇಶ ಲ್ಯಾಬುಗಳಿಗೆ ಹೋಗಲಿ; ಅದಕ್ಕೆ ಕಾಗದದ ಖರ್ಚು ಕೂಡ ಹೆಚ್ಚಾಗದು.

ಪೂರ್ತಿ ಸೋತ ಕಿಡ್ನಿಗೆ ಕಸಿಯೇ ಒಳ್ಳೆಯ ಚಿಕಿತ್ಸೆ. ಮಗು ಸುಮಾರು ಹತ್ತು ಕೆ.ಜಿ. ತೂಗಿದರೆ ದೊಡ್ಡವರ ಕಿಡ್ನಿಯನ್ನೇ ಹೊಟ್ಟೆಯೊಳಗೆ ಕೂರಿಸಬಹುದು. ನಮ್ಮಲ್ಲಿ ಕೊಡುವವರು ಹೆಚ್ಚಾಗಿ ತಾಯಂದಿರು. ಮಿದುಳು ನಿಷ್ಕ್ರಿಯರಾದವರ ಅಂಗದಾನವನ್ನು ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ನಡೆಸುತ್ತದೆ. ಕಸಿಯ ನಂತರ ಮಗು ಬೆಳೆಯುತ್ತದೆ, ಶಾಲೆಗೆ ಹೋಗುತ್ತದೆ, ಆಡುತ್ತದೆ. ಆದರೆ ದಿನಕ್ಕೆರಡು ಹೊತ್ತು ಮಾತ್ರೆ ಜೀವನಪರ್ಯಂತ ತಪ್ಪಬಾರದು. ಕಸಿಯಾದ ಕಿಡ್ನಿ ಕಳೆದುಕೊಳ್ಳುವ ಅಪಾಯ ಅತಿ ಹೆಚ್ಚಿರುವುದು 17ರಿಂದ 24ರ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅಮ್ಮ ಕೈಗಿಡುತ್ತಿದ್ದ ಮಾತ್ರೆ ಹಾಸ್ಟೆಲಿನಲ್ಲಿ ಮರೆತುಹೋಗುತ್ತದೆ, ಗೆಳೆಯರೆದುರು ಡಬ್ಬಿ ತೆಗೆಯಲು ಸಂಕೋಚ, ಮುಖ ದಪ್ಪವಾಗುತ್ತದೆಂಬ ಬೇಸರ. ಹದಿನೆಂಟು ತುಂಬಿದ ದಿನ ಮಕ್ಕಳ ವಿಭಾಗ ಕೈಬಿಟ್ಟು, ದೊಡ್ಡವರ ವಿಭಾಗದಲ್ಲಿ ಗುರುತಿಲ್ಲದ ಮುಖಗಳ ಮುಂದೆ ನಿಲ್ಲಿಸಿದರೆ ಅವರು ಬರುವುದನ್ನೇ ನಿಲ್ಲಿಸುತ್ತಾರೆ. ಇದನ್ನು ಅರಿತ ಆಸ್ಪತ್ರೆಗಳು ಹದಿನಾಲ್ಕರ ಸುಮಾರಿಗೇ ಹುಡುಗ ಹುಡುಗಿಯರನ್ನು ಅಪ್ಪ ಅಮ್ಮನಿಲ್ಲದೆ ಒಳಗೆ ಕರೆದು, ತಮ್ಮ ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಕ್ರಿಯಾಟಿನಿನ್ ಎಷ್ಟೆಂಬುದನ್ನು ಅವರ ಬಾಯಿಂದಲೇ ಕೇಳುತ್ತವೆ. ಮಕ್ಕಳ ತಜ್ಞರು, ದೊಡ್ಡವರ ತಜ್ಞರು ಒಂದೆರಡು ವರ್ಷ ಜೊತೆಯಾಗಿ ಕೂತು ನೋಡಿ, ಆಮೇಲೆ ಕಡತ ದಾಟಿಸುತ್ತಾರೆ.